ಹೆಡ್‌ಮೇಡಂಗೆ ರಜೆ ಮಂಜೂರಾಗಿಲ್ಲ

ಕಾಯಿಲೆ ಗುರುತಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಾನು ನಂಬಿಕೊಂಡಿದ್ದೆ. ಹಾಗಂತ ನಾನು ಡಾಕ್ಟರಲ್ಲ. ಡಾಕ್ಟರಿಗೆ ಇರುವ ಕಾಯಿಲೆ ಮಾತ್ರ ಗೊತ್ತಾಗುತ್ತದೆ, ನನಗೆ ಇಲ್ಲದ ಕಾಯಿಲೆಯೂ ಗೊತ್ತಾಗುತ್ತದೆ! ಅಂಗಿಗೆ ಹಾಕುವ ಗುಂಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಹಾಜರಿ ಮತ್ತು ರಜೆ ವಿಭಾಗದ ಮುಖ್ಯಸ್ಥ. ಯಾರಿಗೇ ಹುಷಾರು ತಪ್ಪಿದರೂ ಬೆಳಗಿನ ಗಂಟೆ ಹೊಡೆಯುವ ಮುಂಚೆ ನಮ್ಮ ವಿಭಾಗಕ್ಕೆ ಫೋನ್ ಮಾಡಿ, ತಮ್ಮ ಬಾಯಿಂದಲೇ ಹೇಳಬೇಕು. ಇದು ನಾನೇ ಮಾಡಿದ ನಿಯಮ. ಹೆಂಡತಿಯ ಕೈಲಿ ಹೇಳಿಸಿದರೆ ಕೆಮ್ಮಿನ ಗುಣಮಟ್ಟ ತಿಳಿಯುವುದಿಲ್ಲವಲ್ಲ.

ನಿಜವಾದ ಕೆಮ್ಮಿಗೆ ಹೊತ್ತುಗೊತ್ತಿಲ್ಲ, ಆಡುತ್ತಿರುವ ಪದವನ್ನು ನಡುವೆಯೇ ಮುರಿದು ನುಗ್ಗುತ್ತದೆ. ಸುಳ್ಳು ಕೆಮ್ಮಿಗೆ ಸಭ್ಯತೆ ಜಾಸ್ತಿ, ವಾಕ್ಯ ಮುಗಿಯುವವರೆಗೂ ಬಾಗಿಲಲ್ಲಿ ಕಾದು ಆಮೇಲೆ ಒಳಗೆ ಬರುತ್ತದೆ. ಸೊಂಟ ನೋವು ಎಂದು ಬಂದವರ ಮುಂದೆ ನಾನು ಪೆನ್ನು ಬೀಳಿಸುತ್ತೇನೆ. ಪಾಪ, ಮರ್ಯಾದೆಗೆ ಬಗ್ಗಿ ಎತ್ತಿಕೊಟ್ಟರೋ ಮುಗಿಯಿತು, ಪೆನ್ನು ಇಸಿದುಕೊಂಡು ರಜೆ ಅರ್ಜಿ ವಾಪಸು ಕೊಟ್ಟುಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಯಾರೋ ಒಬ್ಬರು ಕೆಮ್ಮು ಎಂದು ರಜೆ ಕೇಳಿಕೊಂಡು ಬಂದರು. "ಎಲ್ಲಿ, ಇನ್ನೊಂದು ಸಲ ಕೆಮ್ಮಿ ತೋರಿಸಿ" ಎಂದೆ, ಇಡೀ ಆಫೀಸಿನ ಮುಂದೆ. ಬರಲಿಲ್ಲ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವ್ಯಕ್ತಿ ತೆಪ್ಪಗೆ ಹೋಗಿ ಕುರ್ಚಿಯಲ್ಲಿ ಕೂತರು. ಈ ಕಥೆಯನ್ನು ನಾನು ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲೆಲ್ಲಿ ಕಿವಿ ಸಿಕ್ಕಿತೋ ಅಲ್ಲೆಲ್ಲ ಹೇಳಿದ್ದೇನೆ. ಆಫೀಸಿನಲ್ಲಿ ನನಗೆ 'ಥರ್ಮಾಮೀಟರ್' ಎಂದು ಹೆಸರಿಟ್ಟಿದ್ದಾರೆ. ಬೈಗುಳವೆಂದು ಅವರು ತಿಳಿದಿದ್ದರು, ಬಿರುದೆಂದು ನಾನು ತಿಳಿದಿದ್ದೆ.

ಇಂಥ ನನ್ನ ಕೈಗೆ ಹೆಂಡತಿ ತನ್ನ ನಾಲ್ಕು ಕೋಳಿಗಳನ್ನು ಒಪ್ಪಿಸಬೇಕಾಗಿ ಬಂತು.

ನನ್ನ ಹೆಂಡತಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೃತಕ ಹಲ್ಲು ತಯಾರಿಸುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಹಲ್ಲು ನೋಡಿ ನೋಡಿ ಸಾಕಾಗಿ, ಮನೆಯಲ್ಲಾದರೂ ಹಲ್ಲಿಲ್ಲದವರ ಜೊತೆ ಇರೋಣ ಎಂದು ಕೋಳಿ ಸಾಕಿದಳು ಅಂತ ನಾನು ತಮಾಷೆ ಮಾಡುತ್ತಿದ್ದೆ. ಹಿತ್ತಲಿನ ಗೋಡೆಗೆ ಒರಗಿಸಿದ ಹಳೆಯ ಬಟ್ಟೆ ಬೀರುವೇ ಅವುಗಳ ಗೂಡು. ಕೆಂಪಿ, ಮಚ್ಚೆ, ಬಿಳಿ, ಮತ್ತು ಹೆಡ್‌ಮೇಡಂ. ಹೆಡ್‌ಮೇಡಂ ಎಂದರೆ ವಯಸ್ಸಾದ ಬೂದು ಬಣ್ಣದ ಕೋಳಿ. ಶಾಲೆಯಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದಾರೋ ಎಂದು ನೋಡಲು ಬಂದವರ ಹಾಗೆ ಹಿತ್ತಲೆಲ್ಲ ಗಂಭೀರವಾಗಿ ಸುತ್ತುತ್ತಿದ್ದುದರಿಂದ ಆ ಹೆಸರು. ಹೆಂಡತಿಗೆ ಉಳಿದ ಮೂರೂ ಕೋಳಿಗಳು, ಹೆಡ್‌ಮೇಡಂ ಮಾತ್ರ ಗೆಳತಿ. ಸಂಜೆ ಕೆಲಸದಿಂದ ಬಂದವಳು ನನ್ನನ್ನು ಮಾತಾಡಿಸುವ ಮುಂಚೆ ಅದನ್ನು ಮಾತಾಡಿಸುತ್ತಿದ್ದಳು. ಅದು ಮೊಟ್ಟೆ ಇಡುವುದನ್ನು ಯಾವತ್ತೋ ನಿಲ್ಲಿಸಿತ್ತು. "ನಿವೃತ್ತಿ ಆದ್ಮೇಲೂ ಕಚೇರಿಗೆ ಬರ್ತಾ ಇದೆಯಲ್ಲ" ಎಂದು ನಾನೊಮ್ಮೆ ಅಂದಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಹೀಗಿರುವಾಗ ನಾದಿನಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಹೆಂಡತಿ ಅವಳನ್ನು ನೋಡಿಕೊಳ್ಳಲು ಒಂದು ವಾರದ ಮಟ್ಟಿಗೆ ಹೊರಟಳು. ಹೊರಡುವ ದಿನ ನಾನು ಶೂ ಪಾಲಿಶ್ ಮಾಡುತ್ತ ಕೂತಿದ್ದೆ.

"ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಯಾರು ಕೊನೇಲಿ ಬರ್ತಾರೆ ನೋಡಿ" ಎಂದಳು.

"ಹಾಜರಿ ತಗೊಳೋದನ್ನ ನನಗೆ ಹೇಳಿಕೊಡ್ತೀಯಾ?"

"ಜುಟ್ಟಿನ ಬಣ್ಣ ನೋಡಿ. ಕೆಂಪಗಿರಬೇಕು. ಕಾಳು ಕುಕ್ಕೋದನ್ನಲ್ಲ, ನುಂಗೋದನ್ನ ನೋಡಿ. ಹಿಕ್ಕೆ ನೋಡಿ."

"ಹಿಕ್ಕೆನಾ? ನಾನು ಒಂದು ವಿಭಾಗದ ಮುಖ್ಯಸ್ಥ ಕಣೇ."

"ಇಲ್ಲಿ ನೀವೊಬ್ಬರೇ ಇರೋದು, ಯಾರೂ ನೋಡಲ್ಲ. ಮುಖ್ಯವಾದ್ದು ಇನ್ನೊಂದಿದೆ, ಸ್ವಲ್ಪ ಆ ಬ್ರಶ್ ಕೆಳಗಿಟ್ಟು ಕೇಳಿಸ್ಕೊಳ್ಳಿ. ಕೋಳಿಗೆ ಹುಷಾರಿಲ್ದಿದ್ರೆ ಅದು..."

"ನೋಡು" ಎಂದು ನಾನು ಬ್ರಶ್ ಎತ್ತಿ ಅವಳನ್ನು ತಡೆದೆ. "ಮುನ್ನೂರು ಜನರ ತಲೆನೋವು ತೂಗೋ ಮನುಷ್ಯ ನಾನು. ನಾಲ್ಕು ಕೋಳಿ ಯಾವ ಲೆಕ್ಕ? ಒಂದು ನೋಟ ಸಾಕು, ಇಡೀ ಜಾತಕ ಹೇಳ್ತೀನಿ. ನೀನು ನಿಶ್ಚಿಂತೆಯಿಂದ ಹೋಗು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಗಿತ್ತು. "ಹೆಡ್‌ಮೇಡಂ ಜೋಪಾನ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡಳು. ಅವಳು ಅರ್ಧಕ್ಕೆ ಬಿಟ್ಟ ಆ ವಾಕ್ಯವನ್ನು ಪೂರ್ತಿ ಮಾಡಲು ನಾನು ಎಲ್ಲಿಯವರೆಗೆ ಹೋಗಬೇಕಾಯಿತು ಎಂಬುದೇ ಈ ಕಥೆ.

ಮರುದಿನ ಬೆಳಿಗ್ಗೆಯೇ ಪರೀಕ್ಷೆ ಶುರುವಾಯಿತು. ಕಾಳಿನ ಡಬ್ಬಿ ಹಿಡಿದು ಹಿತ್ತಲಿಗೆ ಹೋಗುತ್ತೇನೆ, ಕೆಂಪಿ ಗೋಡೆಯ ಪಕ್ಕ ಮಗ್ಗುಲಾಗಿ ಬಿದ್ದಿದ್ದಾಳೆ. ಒಂದು ರೆಕ್ಕೆ ಅತ್ತ, ಒಂದು ಕಾಲು ಇತ್ತ, ಕತ್ತು ಓರೆ, ಕಣ್ಣು ಅರೆಮುಚ್ಚು. ಮೈತುಂಬ ಮಣ್ಣು. ಮೊದಲ ದಿನವೇ ಹೀಗಾಗಬೇಕೆ? ಆದರೂ ಮುಖ್ಯಸ್ಥನಿಗೆ ತಕ್ಕ ಗಾಂಭೀರ್ಯದಿಂದ ಜೇಬಿನ ಕರವಸ್ತ್ರ ತೆಗೆದು ಅವಳ ಮೇಲೆ ಹೊದಿಸಿ, ಹೆಂಡತಿಗೆ ಫೋನ್ ಮಾಡಿದೆ.

"ಧೈರ್ಯ ತಂದ್ಕೋ" ಎಂದೆ.

"ಏನಾಯ್ತು?"

"ಕೆಂಪಿ ಹೋದಳು."

ಆ ಕಡೆಯಿಂದ ಮೂಗು ಸೇದುವ ಸದ್ದು. ಹಿಂದಿನಿಂದ ನಾದಿನಿ ಗಾಬರಿಯಲ್ಲಿ "ಯಾರು ಹೋದ್ರು, ಯಾರು ಹೋದ್ರು" ಎಂದು ಕೇಳುತ್ತಿದ್ದಳು.

"ತುಂಬಾ ನರಳಿದಳಾ?" ಎಂದಳು ಹೆಂಡತಿ.

"ಇಲ್ಲ ಇಲ್ಲ. ಮುಖದಲ್ಲಿ ಶಾಂತಿ ಇತ್ತು" ಎಂದೆ. ಅಷ್ಟರಲ್ಲಿ ಕರವಸ್ತ್ರ ಎದ್ದು ನಿಂತಿತು. ಎರಡು ಹೆಜ್ಜೆ ನಡೆಯಿತು. ಮೈ ಜಾಡಿಸಿ, ಒಂದು ಬುಟ್ಟಿ ಮಣ್ಣನ್ನು ನನ್ನ ಪಾಲಿಶ್ ಮಾಡಿದ ಶೂ ಮೇಲೆ ಕೊಡವಿತು.

"ಎದ್ದಳು" ಎಂದೆ.

"ಯಾರು?"

"ಹೋದವಳು."

ಅವಳು ಮಣ್ಣಿನಲ್ಲಿ ಸ್ನಾನ ಮಾಡುತ್ತಿದ್ದಳಂತೆ. ಕೋಳಿಗಳು ಮೈಯ ಹುಳು ಹೋಗಲೆಂದು ಹಾಗೆ ಹೊರಳಾಡುತ್ತವಂತೆ. ಇದನ್ನು ಹೆಂಡತಿ ಹೇಳಿದ ದನಿಯನ್ನು ಇಲ್ಲಿ ಬರೆಯುವುದು ಬೇಡ.

ಅದರ ಮಾರನೆಯ ದಿನ ಮಚ್ಚೆಯ ಸರದಿ. ಗೂಡಿನ ಮೂಲೆ ಬಿಟ್ಟು ಏಳುತ್ತಿಲ್ಲ. ಕಾಳು ಬೇಡ, ನೀರು ಬೇಡ. ಮೈ ಎರಡು ಪಟ್ಟು ಊದಿಕೊಂಡಿದೆ. ಕೈ ಹತ್ತಿರ ಒಯ್ದರೆ ಗುರ್ ಎನ್ನುತ್ತಾಳೆ. ಹೊಟ್ಟೆ ಮುಟ್ಟಿದರೆ ಕಾದ ಇಸ್ತ್ರಿಪೆಟ್ಟಿಗೆ. ನಿಸ್ಸಂಶಯವಾಗಿ ವಿಷಮ ಜ್ವರ! ಒದ್ದೆ ಬಟ್ಟೆ ತಂದು ಹಣೆಗೆ ಹಾಕಲು ಹೋದೆ. ಕೋಳಿಗೆ ಹಣೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹುಡುಕುವಷ್ಟರಲ್ಲಿ ಹೆಬ್ಬೆರಳಿಗೆ ಕುಕ್ಕಿದಳು. ಬೆರಳು ಬಾಯಲ್ಲಿಟ್ಟುಕೊಂಡೇ ಫೋನ್ ಮಾಡಿದೆ.

"ಕಾವಿಗೆ ಕೂತಿದ್ದಾಳೆ ಕಣ್ರೀ" ಎಂದಳು ಹೆಂಡತಿ. "ಮರಿ ಮಾಡಬೇಕು ಅಂತ. ಅದು ಕಾಯಿಲೆ ಅಲ್ಲ, ಆಸೆ."

"ಜ್ವರ ಇದೆ."

"ಆಸೆಗೂ ಮೈ ಕಾಯುತ್ತೆ. ನೋಡಿ, ಇಲ್ಲಿ ಇವಳನ್ನ ಎತ್ತಿ ಕೂರಿಸಿ ಮಲಗಿಸಿ ನನ್ನ ಸೊಂಟ ಬಿದ್ದುಹೋಗಿದೆ. ನಿಮ್ಮ ಹೆಸರು ಫೋನಲ್ಲಿ ಕಂಡ್ರೆ ಎದೆ ಹೊಡ್ಕೊಳ್ಳುತ್ತೆ. ನಿಜವಾಗ್ಲೂ ಏನಾದ್ರೂ ಆದ್ರೆ ಮಾತ್ರ ಮಾಡಿ."

ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಹೆಂಡತಿಯ ಮೇಲಲ್ಲ, ಕೋಳಿಗಳ ಮೇಲೆ. ಸತ್ತ ಹಾಗೆ ಬಿದ್ದುಕೊಳ್ಳುವುದು, ಜ್ವರ ಬಂದ ಹಾಗೆ ಊದಿಕೊಳ್ಳುವುದು. ನಮ್ಮ ಪ್ಯಾಕಿಂಗ್ ವಿಭಾಗದವರಿಗೂ ಇವಕ್ಕೂ ಏನು ವ್ಯತ್ಯಾಸ? ಇವೂ ಅದೇ ಪೈಕಿ! ಇನ್ನು ಈ ಹಿತ್ತಲಿನಲ್ಲಿ ಒಂದು ನಾಟಕವೂ ನಡೆಯಕೂಡದು ಎಂದು ಅಲ್ಲೇ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತು ನಿರ್ಧಾರ ಮಾಡಿದೆ.

ಆ ನಿರ್ಧಾರಕ್ಕೆ ಸಿಕ್ಕವಳು ಹೆಡ್‌ಮೇಡಂ.

ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಬಂದವಳು ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ, ಕತ್ತು ಒಳಗೆಳೆದುಕೊಂಡು, ಪುಕ್ಕವೆಲ್ಲ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಳು. ನಾನು ಅಡುಗೆಮನೆಯ ಕಿಟಕಿಯಿಂದ ಇದನ್ನು ಕಂಡೆ. ನಗು ಬಂತು. "ಓಹೋ, ಇವತ್ತು ನಿಮ್ಮ ಸರದಿಯಾ ಮೇಡಂ" ಎಂದುಕೊಂಡು ಬಾಗಿಲು ತೆಗೆದು ಹಿತ್ತಲಿಗೆ ಇಳಿದೆ. ನನ್ನ ಶೂ ಸದ್ದು ಕೇಳಿದ್ದೇ ತಡ, ಅವಳು ಕಣ್ಣು ಬಿಟ್ಟಳು. ಕತ್ತು ನೆಟ್ಟಗಾಯಿತು. ಪುಕ್ಕ ಮೈಗೆ ಅಂಟಿಸಿಕೊಂಡು ನಾಲ್ಕು ಹೆಜ್ಜೆ ಚುರುಕಾಗಿ ನಡೆದು ನೆಲ ಕುಕ್ಕತೊಡಗಿದಳು.

ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸಾಹೇಬರು ಬಂದರೆ ಕಾಯಿಲೆ ಮಾಯ, ಸಾಹೇಬರು ಮರೆಯಾದರೆ ಕಾಯಿಲೆ ಹಾಜರ್! "ರಜೆ ಮಂಜೂರಾಗಿಲ್ಲ" ಎಂದು ಅವಳಿಗೆ ಬಾಯಿಬಿಟ್ಟೇ ಹೇಳಿದೆ. ಮತ್ತೆ ಮೂಲೆ ಸೇರದಿರಲೆಂದು ಪೊರಕೆ ತಂದು ಉಳಿದವರ ಗುಂಪಿಗೆ ಅಟ್ಟಿದೆ. ಅಲ್ಲಿ ಬಿಳಿ ಅವಳ ತಲೆಗೆ ಕುಕ್ಕಿದಳು. ಅದನ್ನು ನೋಡಿದ ಕೆಂಪಿಯೂ ಕುಕ್ಕಿದಳು. ಇದು ಅವರ ಆಂತರಿಕ ಶಿಸ್ತು ಎಂದು ತಿಳಿದು ನಾನು ಆಫೀಸಿಗೆ ಹೋದೆ. ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಪ್ರತಿ ಸಲ ನಾನು ಹೋದೆ, ಪ್ರತಿ ಸಲ ಅವಳು ನೆಟ್ಟಗೆ ನಿಂತಳು, ಪ್ರತಿ ಸಲ ನಾನು ಗೆದ್ದೆ. ಅವಳು ಕುಕ್ಕುತ್ತಿದ್ದಳು, ನುಂಗುತ್ತಿರಲಿಲ್ಲ. ಹೆಂಡತಿ ನೋಡಲು ಹೇಳಿದ್ದು ಅದನ್ನೇ. ನಾನು ನೋಡುತ್ತಿದ್ದುದು ನನ್ನ ಜಾಣತನವನ್ನು.

ಶುಕ್ರವಾರ ಸಂಜೆ ಗೂಡು ಮುಚ್ಚಲು ಹೋದಾಗ ಮಚ್ಚೆ ಕಾವಿನ ಮೂಲೆಯಲ್ಲಿದ್ದಳು, ಕೆಂಪಿ ಮತ್ತು ಬಿಳಿ ಮೇಲಿನ ಕೋಲಿನ ಮೇಲೆ ಕೂತಿದ್ದರು. ಹೆಡ್‌ಮೇಡಂ ಕೆಳಗೆ ನಿಂತು ಕೋಲನ್ನೇ ನೋಡುತ್ತಿದ್ದಳು. "ಹತ್ತಿ ಮೇಡಂ" ಎಂದೆ. ಹತ್ತಲಿಲ್ಲ. ನನ್ನನ್ನು ನೋಡಿ ನೆಟ್ಟಗಾಗಲು ಒಂದು ಪ್ರಯತ್ನ ಮಾಡಿದಳು, ಅರ್ಧಕ್ಕೇ ಬಿಟ್ಟಳು. ಎತ್ತಿ ಮೇಲೆ ಕೂರಿಸೋಣ ಎಂದು ಎರಡೂ ಕೈ ಹಾಕಿದೆ. ತುಂಬಿದ ಕೊಡ ಎಂದುಕೊಂಡು ಖಾಲಿ ಕೊಡ ಎತ್ತಿದರೆ ಕೈ ಸರ್ರನೆ ಮೇಲೆ ಹೋಗುತ್ತದಲ್ಲ, ಹಾಗಾಯಿತು. ಅಷ್ಟು ಪುಕ್ಕದ ಒಳಗೆ ಕೋಳಿಯೇ ಇರಲಿಲ್ಲ. ಎದೆಯ ಮೂಳೆ ಚಾಕುವಿನ ಅಂಚಿನಂತೆ ನನ್ನ ಅಂಗೈಗೆ ಒತ್ತಿತು. ಜುಟ್ಟು ಬಿಳಿಚಿಕೊಂಡಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದಳು, ಒಳಗೆಲ್ಲೋ ಕಿರಿಕ್ ಕಿರಿಕ್ ಎಂದು ಸಣ್ಣ ಸದ್ದು. ಮೂರು ದಿನದಿಂದ ಇವಳನ್ನು ಪೊರಕೆಯಲ್ಲಿ ಅಟ್ಟಿದ್ದೆ. ಆ ಪೊರಕೆ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ನನಗೆ ಅದರ ಕಡೆ ನೋಡಲು ಆಗಲಿಲ್ಲ.

ಪಶುವೈದ್ಯರ ಚಿಕಿತ್ಸಾಲಯ ಬೆಳಿಗ್ಗೆ ತೆರೆಯುತ್ತದೆ, ನಮ್ಮ ಕಾರ್ಖಾನೆ ತೆರೆಯುವ ಹೊತ್ತಿಗೇ. ಅಂದರೆ ರಜೆ ಬೇಕು. ಅಂದರೆ ಗಂಟೆ ಹೊಡೆಯುವ ಮುಂಚೆ ನನ್ನ ಬಾಯಿಂದಲೇ ಹೇಳಬೇಕು.

ಏನೆಂದು ಹೇಳಲಿ? ಕೋಳಿಗೆ ಹುಷಾರಿಲ್ಲ ಎಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುನ್ನೂರು ಜನ ಕೊಕ್ಕೊಕ್ಕೋ ಎನ್ನುತ್ತಾರೆ. ಹೆಡ್‌ಮೇಡಂಳನ್ನು ತರಕಾರಿ ಬುಟ್ಟಿಯಲ್ಲಿ ಹಳೆಯ ಟವೆಲಿನ ಮೇಲೆ ಕೂರಿಸಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ. ತೆಗೆದವರು ನನ್ನ ಸಹಾಯಕಿ. ನನ್ನ ಮೇಜಿನ ಪಕ್ಕದ ಮೇಜಿನಲ್ಲೇ ವರ್ಷಗಟ್ಟಲೆಯಿಂದ ಕೂತಿರುವ ಹೆಂಗಸು. ಏನು ಕೇಳಿದರೂ "ಏನಿಲ್ಲ ಸಾರ್" ಎನ್ನುವುದರಿಂದ ಎಲ್ಲರೂ ಕರೆಯುವುದು ಏನಿಲ್ಲಕ್ಕ ಎಂದು. ರಜೆಯನ್ನೇ ಹಾಕದವರು. "ಇವರನ್ನ ನೋಡಿ ಕಲೀರಿ" ಎಂದು ನಾನು ಕಂಡಕಂಡವರಿಗೆಲ್ಲ ತೋರಿಸುವ ಮಾದರಿ.

"ಇವತ್ತು ಬರೋಕಾಗಲ್ಲ. ಜ್ವರ" ಎಂದೆ. ವಾಕ್ಯ ಮುಗಿಯಿತು. ಆಮೇಲೆ ಕೆಮ್ಮಿದೆ.

ಆ ಕಡೆ ರಿಜಿಸ್ಟರಿನ ಹಾಳೆ ತಿರುವುವ ಸದ್ದು.

"ಒಣ ಕೆಮ್ಮಾ ಸಾರ್, ಕಫದ್ದಾ?" ಎಂದರು.

ಇದು ನನ್ನದೇ ಪ್ರಶ್ನೆ. ಎಲ್ಲರಿಗೂ ಕೇಳಬೇಕೆಂದು ನಾನೇ ಅವರಿಗೆ ಕಲಿಸಿದ್ದು.

"ಎರಡೂ" ಎಂದೆ.

"ಎರಡೂ ಅಂದ್ರೆ ಮಂಜೂರಿಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್."

ಅಷ್ಟರಲ್ಲಿ ಬುಟ್ಟಿಯೊಳಗಿಂದ ಹೆಡ್‌ಮೇಡಂ ದೀನವಾಗಿ ಕೊಕ್ ಎಂದಳು.

"ಅದು ಎದೆ ಸದ್ದು" ಎಂದೆ.

"ಹೌದಾ ಸಾರ್" ಎಂದರು ಏನಿಲ್ಲಕ್ಕ. ಅವರು ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. "ಸರಿ ಸಾರ್, ನಾನು ಜ್ವರ ಅಂತಲೇ ಬರ್ಕೋ..." ಎನ್ನುತ್ತಿದ್ದಂತೆ 'ಬರ್ಕೋತೀನಿ' ಎಂಬ ಪದವನ್ನು ಸರಿಯಾಗಿ ನಡುವೆ ಮುರಿದುಕೊಂಡು ಒಂದು ಕೆಮ್ಮು ಬಂತು. ಅದರ ಹಿಂದೆ ಇನ್ನೊಂದು. ಫೋನನ್ನು ಕೈಯಿಂದ ಮುಚ್ಚಿದರೂ ಕೇಳುತ್ತಿತ್ತು. ಆಮೇಲೆ ಉಸಿರೆಳೆದುಕೊಂಡಾಗ ಕೊನೆಯಲ್ಲಿ ಸಣ್ಣಗೆ ಕಿರಿಕ್ ಎಂದಿತು.

ಆ ಸದ್ದನ್ನು ನಾನು ಹಿಂದಿನ ಸಂಜೆಯಷ್ಟೇ ಕೇಳಿದ್ದೆ.

"ಇದು ಯಾವಾಗಿಂದ?" ಎಂದೆ.

"ಏನಿಲ್ಲ ಸಾರ್" ಎಂದು ಅವರು ಫೋನ್ ಇಟ್ಟರು.

ಪಶುವೈದ್ಯೆ ನನಗಿಂತ ಕಿರಿಯರು, ಕನ್ನಡಕದವರು. ಹೆಡ್‌ಮೇಡಂಳನ್ನು ಎತ್ತಿ ಎದೆ ಮುಟ್ಟಿ ನೋಡಿ, ಕಿವಿಯ ಹತ್ತಿರ ಹಿಡಿದುಕೊಂಡು ಉಸಿರು ಕೇಳಿದರು. ಶ್ವಾಸಕ್ಕೆ ಸೋಂಕು ತಗಲಿದೆ ಎಂದರು. ಆಮೇಲೆ ನನ್ನನ್ನು ವಿಚಾರಣೆ ಮಾಡಿದರು. ಯಾವಾಗಿನಿಂದ ತಿಂದಿಲ್ಲ? ಗೊತ್ತಿಲ್ಲ. ಸೀನುತ್ತಿತ್ತೆ? ಗೊತ್ತಿಲ್ಲ. ಹಿಕ್ಕೆ ಹೇಗಿತ್ತು? ನಾನು ನನ್ನ ಶೂ ನೋಡಿಕೊಂಡೆ. ಚೆನ್ನಾಗಿ ಹೊಳೆಯುತ್ತಿದ್ದವು.

"ನಾನು ಹತ್ತಿರ ಹೋದಾಗೆಲ್ಲ ಚೆನ್ನಾಗೇ ಇತ್ತು ಡಾಕ್ಟ್ರೇ" ಎಂದೆ. "ನೆಟ್ಟಗೆ ನಿಲ್ತಿತ್ತು, ಕುಕ್ತಿತ್ತು. ನಾನು ನಾಟಕ ಅಂದ್ಕೊಂಡೆ."

"ನಾಟಕವೇ" ಎಂದರು ಅವರು. "ಆದ್ರೆ ನೀವು ಅಂದ್ಕೊಂಡಿದ್ದಲ್ಲ. ಕೋಳಿಗೆ ಹುಷಾರಿಲ್ದಿದ್ರೆ ಅದು ತೋರಿಸಿಕೊಳ್ಳಲ್ಲ, ಮುಚ್ಚಿಡುತ್ತೆ. ಯಾರಾದ್ರೂ ನೋಡ್ತಿದ್ದಾರೆ ಅಂದ್ರೆ ಚೆನ್ನಾಗಿರೋ ಹಾಗೆ ನಟಿಸುತ್ತೆ. ಕಾಯಿಲೆ ನೋಡಬೇಕಾದ್ರೆ ಅದಕ್ಕೆ ಗೊತ್ತಾಗದ ಹಾಗೆ ದೂರದಿಂದ ನೋಡಬೇಕು. ಕಿಟಕಿಯಿಂದ."

ಹೆಂಡತಿಯ ಅರ್ಧ ವಾಕ್ಯ ಪೂರ್ತಿಯಾಯಿತು.

"ಯಾಕೆ ಮುಚ್ಚಿಡುತ್ತೆ?" ಎಂದು ಕೇಳಿದೆ. ಕೇಳದಿದ್ದರೆ ಚೆನ್ನಾಗಿತ್ತು.

"ಸೊರಗಿದೆ ಅಂತ ಗೊತ್ತಾದ್ರೆ ಮಿಕ್ಕವು ಕುಕ್ಕುತ್ತವೆ. ಗುಂಪಲ್ಲಿ ಯಾರಿಗೆ ಜೋರು ಇದೆಯೋ ಅದು ಶುರು ಮಾಡುತ್ತೆ, ಅದನ್ನ ನೋಡಿ ಉಳಿದವೂ ಸೇರ್ಕೊಳ್ಳುತ್ತವೆ."

ಔಷಧಿ ಕೊಟ್ಟರು. ಬೇರೆ ಕೋಳಿಗಳಿಂದ ದೂರ, ಬೆಚ್ಚಗಿಡಲು ಹೇಳಿದರು. ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ "ತಡವಾಗಿದೆ, ನೋಡೋಣ" ಎಂದರು. ನಾನು ಬುಟ್ಟಿ ಹಿಡಿದು ಬಸ್ಸಿನಲ್ಲಿ ಕೂತು ಮನೆವರೆಗೂ ತಲೆ ಎತ್ತಲಿಲ್ಲ. ಬಚ್ಚಲುಮನೆಯಲ್ಲಿ ಅವಳಿಗೆ ಜಾಗ ಮಾಡಿದೆ. ಭಾನುವಾರವಿಡೀ ತಣ್ಣನೆಯ ನೆಲದ ಮೇಲೆ ಕೂತು ಹನಿ ಹನಿಯಾಗಿ ನೀರು ಕುಡಿಸಿದೆ. ಹಿಕ್ಕೆ ನೋಡಿದೆ. ಹತ್ತಿರದಿಂದ, ಕನ್ನಡಕ ಹಾಕಿಕೊಂಡು ನೋಡಿದೆ. ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನಾಳೆ ಸಂಜೆ ಬರ್ತೀನಿ" ಎಂದಳು. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಸೋಮವಾರ ಆಫೀಸಿಗೆ ಹೋದವನು ನನ್ನ ಮೇಜಿಗೆ ಹೋಗಲಿಲ್ಲ. ಕಡತಗಳ ಬೀರುವಿನ ಹಿಂದೆ ನಿಂತು ಸಂದಿಯಿಂದ ಏನಿಲ್ಲಕ್ಕನನ್ನು ನೋಡಿದೆ. ಅವರು ಒಂದು ಕೈ ಮೇಜಿಗೆ ಊರಿ, ಕಣ್ಣು ಮುಚ್ಚಿ, ಭುಜ ಒಳಗೆಳೆದುಕೊಂಡು ಕೂತಿದ್ದರು. ಅಂಗಿಯ ಮೇಲೆ ಸ್ವೆಟರ್, ಅದರ ಮೇಲೊಂದು ಶಾಲು, ಅಷ್ಟರ ಒಳಗೆ ಅವರು ಎಷ್ಟು ಉಳಿದಿದ್ದರೋ.

"ಸಾರ್, ಏನ್ ಮಾಡ್ತಿದ್ದೀರಿ?" ಹಿಂದಿನಿಂದ ಲೆಕ್ಕಪತ್ರದ ಗುಮಾಸ್ತ ಕೇಳಿದ. ನಾನು ಬೆಚ್ಚಿ ಬೀರುವಿಗೆ ತಲೆ ಬಡಿದುಕೊಂಡೆ. ಸದ್ದಿಗೆ ಏನಿಲ್ಲಕ್ಕ ಕಣ್ಣು ಬಿಟ್ಟರು, ಬೆನ್ನು ನೆಟ್ಟಗಾಯಿತು, ಕೈ ಚುರುಕಾಗಿ ಕಾಗದ ತಿರುವತೊಡಗಿತು. ಈ ನೆಟ್ಟಗಾಗುವುದನ್ನು ನಾನು ಎಷ್ಟು ತಿಂಗಳಿಂದ ಶಿಸ್ತು ಎಂದು ಹೊಗಳುತ್ತಿದ್ದೆ!

ಹೋಗಿ ಅವರ ಎದುರು ಕೂತೆ. "ನೀವು ಇವತ್ತೇ ಡಾಕ್ಟರ ಹತ್ರ ಹೋಗ್ಬೇಕು" ಎಂದೆ.

"ಏನಿಲ್ಲ ಸಾರ್."

"ಇದೆ. ಇಷ್ಟು ದಿನದಿಂದ ಒಂದು ಮಾತು ನನಗೆ ಯಾಕೆ ಹೇಳಲಿಲ್ಲ?"

ಅವರು ಕಾಗದಗಳನ್ನು ಸರಿಯಾಗಿ ಜೋಡಿಸಿಟ್ಟರು. "ಹೇಳಿದ್ದೆ ಸಾರ್, ಹೋದ ಚಳಿಗಾಲದಲ್ಲಿ. ನೀವು ಇನ್ನೊಂದು ಸಲ ಕೆಮ್ಮಿ ತೋರಿಸಿ ಅಂದ್ರಿ. ಬರಲಿಲ್ಲ."

"ಅದು ನೀವಾ?"

"ನಾನೇ ಸಾರ್."

ಎಷ್ಟು ಸಲ ಹೇಳಿದ್ದೆ ಆ ಕಥೆಯನ್ನು. ಹೇಳಿ ಹೇಳಿ ಅದರಲ್ಲಿದ್ದ ಮುಖವೇ ಅಳಿಸಿಹೋಗಿತ್ತು, ನಗು ಮಾತ್ರ ಉಳಿದಿತ್ತು.

"ಆ ಕಥೆ ನೀವು ನನಗೇ ಎರಡು ಸಲ ಹೇಳಿದ್ದೀರಿ ಸಾರ್" ಎಂದರು ಏನಿಲ್ಲಕ್ಕ. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದರು.

"ಆಗ ನೀವೇನು ಮಾಡಿದ್ರಿ?"

"ನಕ್ಕೆ ಸಾರ್."

ನಾಚಿಕೆಯಿಂದ ಸತ್ತುಹೋದೆ ಎಂದು ಜನ ಹೇಳುತ್ತಾರೆ. ಸಾಯುವುದಿಲ್ಲ, ಅದೇ ಕಷ್ಟ. ಕುರ್ಚಿಯಲ್ಲಿ ಕೂತೇ ಇರಬೇಕಾಗುತ್ತದೆ. "ತಪ್ಪಾಯ್ತು" ಎಂದೆ, ಇಡೀ ಆಫೀಸಿಗೆ ಕೇಳುವ ಹಾಗೆ. "ಏನಿಲ್ಲ ಸಾರ್" ಎಂದರು ಅಭ್ಯಾಸಬಲದಿಂದ. ಆ ದಿನ ಅವರನ್ನು ನಾನೇ ಗೇಟಿನವರೆಗೆ ಬಿಟ್ಟು ಬಂದೆ. ಶ್ವಾಸಕೋಶದಲ್ಲಿ ಸೋಂಕಿದೆ, ಇಷ್ಟು ದಿನ ಹೇಗೆ ನಡೆದಾಡಿಕೊಂಡಿದ್ದರು ಎಂದು ಡಾಕ್ಟರು ಬೈದರಂತೆ. ಗುಣವಾಗುತ್ತದೆ, ಪೂರ್ತಿ ವಿಶ್ರಾಂತಿ ಬೇಕು ಎಂದಿದ್ದಾರೆ.

ಸಂಜೆ ಹೆಂಡತಿ ಬಂದಳು. ಚೀಲ ಬಾಗಿಲಲ್ಲೇ ಬಿಟ್ಟು ನೇರ ಬಚ್ಚಲುಮನೆಗೆ ಹೋಗಿ ಹೆಡ್‌ಮೇಡಂಳನ್ನು ಎತ್ತಿಕೊಂಡು ಎದೆಮೂಳೆ ಮುಟ್ಟಿ ನೋಡಿದಳು. ನಾನು ಬಾಗಿಲ ಬಳಿ ನಿಂತು ಪೊರಕೆಯ ವಿಷಯವನ್ನೂ ಹೇಳಿದೆ, ಬಿಳಿ ಕುಕ್ಕಿದ್ದನ್ನೂ ಹೇಳಿದೆ, ಏನಿಲ್ಲಕ್ಕನ ಕಥೆಯನ್ನೂ ಹೇಳಿದೆ. ಹೆಂಡತಿ ಕೊನೆಗೆ ಅಂಗೈಯಲ್ಲಿ ನಾಲ್ಕು ಕಾಳು ಹಿಡಿದಳು. ಹೆಡ್‌ಮೇಡಂ ನೋಡಿದಳು. ಒಂದನ್ನು ಕುಕ್ಕಿದಳು. ನಾವಿಬ್ಬರೂ ಉಸಿರು ಹಿಡಿದುಕೊಂಡಿದ್ದೆವು. ನುಂಗಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು.

ಅದೇ ವಾರ, ಹೆಡ್‌ಮೇಡಂ ಬಚ್ಚಲುಮನೆಯಿಂದ ಹಿತ್ತಲಿನ ಬಿಸಿಲಿಗೆ ಬಂದ ಬೆಳಿಗ್ಗೆ, ನನಗೆ ಜ್ವರ ಬಂತು. ನಿಜವಾದ ಜ್ವರ. ತಣ್ಣನೆಯ ನೆಲ ತನ್ನ ಬಾಕಿ ತೀರಿಸಿಕೊಂಡಿತ್ತು. ಮೈಕೈ ಮುರಿಯುತ್ತಿತ್ತು, ಗಂಟಲು ಕಟ್ಟಿತ್ತು, ಎದ್ದಾಗಿನಿಂದ ಒಂದೇ ಸಮನೆ ಕೆಮ್ಮು. ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಗಂಟೆ ಹೊಡೆಯುವ ಮುಂಚೆ, ನಿಯಮದ ಪ್ರಕಾರ ನನ್ನ ಬಾಯಿಂದಲೇ ಹೇಳಲು ಫೋನ್ ಮಾಡಿದೆ. ಏನಿಲ್ಲಕ್ಕ ರಜೆಯಲ್ಲಿದ್ದರು. ತೆಗೆದವನು ಲೆಕ್ಕಪತ್ರದ ಗುಮಾಸ್ತ.

"ಜ್ವರ ಕಣಪ್ಪ. ಕೆಮ್ಮು. ಬರೋಕಾಗಲ್ಲ."

"ಹೌದಾ ಸಾರ್?" ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಕೊಕ್ಕೊಕ್ಕೋ ಎಂದರು, ಶನಿವಾರದ ನನ್ನ 'ಎದೆ ಸದ್ದು' ಆಗಲೇ ಆಫೀಸಿಗೆಲ್ಲ ಹಬ್ಬಿತ್ತು. ಗುಮಾಸ್ತ ಗಂಟಲು ಸರಿಮಾಡಿಕೊಂಡು ಬಹಳ ವಿನಯದಿಂದ ಕೇಳಿದ: "ಎಲ್ಲಿ ಸಾರ್, ಇನ್ನೊಂದು ಸಲ ಕೆಮ್ಮಿ ತೋರಿಸಿ."

ನಾನು ಬಾಯಿ ತೆರೆದೆ. ಬೆಳಗಿನಿಂದ ಒಂದು ನಿಮಿಷ ಬಿಡುವು ಕೊಡದ ಕೆಮ್ಮು, ಪದಗಳನ್ನೆಲ್ಲ ಮುರಿದು ಹಾಕುತ್ತಿದ್ದ ಕೆಮ್ಮು, ಬರಲಿಲ್ಲ. ಎಳೆದರೂ ಬರಲಿಲ್ಲ.

"ಏನಿಲ್ಲಪ್ಪ" ಎಂದೆ. "ಬರ್ತಾ ಇದ್ದೀನಿ."

ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡೆ. ಶೂ ಕಟ್ಟಿಕೊಂಡೆ. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅಡುಗೆಮನೆ ಕಡೆಯಿಂದ ಹೆಂಡತಿಯ ಹೆಜ್ಜೆ ಸದ್ದು ಕೇಳಿಸಿತು. ಗೋಡೆ ಬಿಟ್ಟೆ, ಬೆನ್ನು ನೆಟ್ಟಗೆ ಮಾಡಿಕೊಂಡೆ, ತಲೆಗೂದಲು ಸರಿಮಾಡಿಕೊಂಡು ಚುರುಕಾಗಿ ಚೀಲ ಹುಡುಕತೊಡಗಿದೆ.

"ಹೇಗಿದ್ದೀರಿ?" ಎಂದಳು.

"ಚೆನ್ನಾಗಿದ್ದೀನಿ. ಏನಿಲ್ಲ."

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಶೂ ಬಿಚ್ಚಿ" ಎಂದಳು. "ಆಗಿಂದ ಕಿಟಕಿಯಿಂದ ನೋಡ್ತಾ ಇದ್ದೀನಿ."